ಸೇಂದೂರದ ಪೆಟ್ಟಿಗೆಯಲ್ಲಿದ್ದ ಹುಳ ಯಾರದು

ವಿಮಾನ ಬೀಳಬಹುದಿತ್ತು. ನನ್ನ ಚಿಂತೆಗಳಲ್ಲಿ ಅದೇ ತೀರಾ ಸಣ್ಣದು, ಯಾಕೆಂದರೆ ಬಿದ್ದುಬಿಟ್ಟರೆ ಮಿಕ್ಕ ಯಾವುದಕ್ಕೂ ಚಿಂತೆ ಮಾಡಬೇಕಾಗಿರಲಿಲ್ಲ. ಬೀಳದೆ ಹೋದರೇ ಕಷ್ಟ. ನನ್ನ ಚೀಲದಲ್ಲಿದ್ದ ಸ್ಪಿರಿಟ್ಟಿನ ಸೀಸೆಗಳು ಸೋರಿ, ಒಳಗಿದ್ದ ಸತ್ತ ನೊಣಗಳೆಲ್ಲ ಮದುವೆಯಲ್ಲಿ ಹೊಲಿಸಿದ ಕೋಟಿಗೆ ಅಂಟಿಕೊಳ್ಳಬಹುದಿತ್ತು. ಸುಂಕದವರು ಸೀಸೆ ಎತ್ತಿ "ಇದೇನು?" ಅಂದಾಗ ನಾನು "ನೊಣ" ಅನ್ನಬೇಕಾಗಿ ಬಂದು, ಅವರು ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಳ್ಳಬಹುದಿತ್ತು. ನೊಣ ಒಯ್ಯಲು ಸರ್ಕಾರ ಕೊಟ್ಟಿದ್ದ ಅನುಮತಿ ಪತ್ರವನ್ನು ನಾನು ಬಸ್ಸಿನಲ್ಲೇ ಮರೆಯಬಹುದಿತ್ತು. ಅಲ್ಲಿನ ಊಟಕ್ಕೆ ಹೊಟ್ಟೆ ಕೆಡಬಹುದಿತ್ತು. ಭಾವ ಕಳೆದುಹೋಗಬಹುದಿತ್ತು. ಭಾವ ಕಳೆದುಹೋಗದೆ, ಯಾರ ಜತೆಗಾದರೂ ಜಗಳಕ್ಕೆ ನಿಲ್ಲಬಹುದಿತ್ತು. ಇವೆಲ್ಲಕ್ಕಿಂತ ದೊಡ್ಡದು ಒಂದಿತ್ತು, ಅದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ: ಪೆನಾಂಗಿನಲ್ಲಿ ಸಿಕ್ಕ ಆ ಎರಡು ಹುಳ ನಿಜವಾಗಿಯೂ ಭಾವನ ತೋಟದವೇ ಆಗಿರಬಹುದಿತ್ತು.

ಅವಲಪಲ್ಲಿ

ಭಾವ ಅಂದರೆ ನನ್ನ ಹೆಂಡತಿ ಸರೋಜಳ ಅಣ್ಣ ತಿಮ್ಮರಾಯಪ್ಪ. ಕೃಷ್ಣಗಿರಿಯಿಂದ ಒಂದಷ್ಟು ಒಳಗೆ ಹೋದರೆ ಅವರ ಮಾವಿನ ತೋಟ. ನಾನು ಹೊಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಭಾವ ನನ್ನನ್ನು ಕರೆಯುವುದೂ ಹಾಗೇ. ಮೇಷ್ಟ್ರೇ ಅನ್ನುವಾಗ ಗೌರವ ಎಷ್ಟು, ಕೀಟಲೆ ಎಷ್ಟು ಅನ್ನುವುದು ಇಪ್ಪತ್ತು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಹೊಸ ಜಿಲ್ಲೆಯ ಹುರುಪಿನಲ್ಲಿ ಆ ಕಡೆಯ ಬೆಳೆಗಾರರು ಒಂದು ಸಂಘ ಕಟ್ಟಿಕೊಂಡು, ಮಲೇಶಿಯಾದ ಪೆನಾಂಗ್ ದ್ವೀಪದ ಒಬ್ಬ ವ್ಯಾಪಾರಿಗೆ ಸ್ಯಾಂಪಲ್ ಅಂತ ಒಂದು ಪೆಟ್ಟಿಗೆ ಸೇಂದೂರ ಮಾವು ಕಳಿಸಿದರು. ಯಾರ ತೋಟದ ಹಣ್ಣು ಕಳಿಸುವುದು ಅನ್ನುವ ಮಾತು ಬಂದಾಗ ಭಾವ ಎದ್ದು ನಿಂತು, "ನಂದು ಕಳ್ಸಿ. ನನ್ ತೋಟದಲ್ಲಿ ಹುಳ ಅನ್ನೋದೇ ಇಲ್ಲ" ಅಂದಿದ್ದರು. ವ್ಯಾಪಾರಿ ಒಂದು ವಾರ ಇಟ್ಟು ಹಣ್ಣು ಮಾಗಿಸಿ, ಕೊಯ್ದು ನೋಡಿದರೆ ಒಂದರೊಳಗೆ ಎರಡು ಹುಳ.

ಸುದ್ದಿ ಬಂದ ದಿನ ಪಕ್ಕದ ತೋಟದ ಕೃಷ್ಣಪ್ಪ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ತಿಮ್ಮರಾಯಣ್ಣ ಹಣ್ಣಿನ್ ಜತೆ ಸಾಕುಪ್ರಾಣೀನೂ ಕಳ್ಸವ್ನೆ ಕಣ್ರಲಾ" ಅಂದ. ಭಾವ ಅಂದಿನಿಂದ ಆ ಟೀ ಅಂಗಡಿಗೆ ಕಾಲಿಡಲಿಲ್ಲ.

"ಅದು ಅವ್ರೂರಿನ ಊಜಿ ಮೇಷ್ಟ್ರೇ," ಅಂತ ಹೊಸೂರಿನ ಅವಲಪಲ್ಲಿಯ ನಮ್ಮ ಮನೆಗೆ ಬಂದು ಕೂತರು. ಹಣ್ಣುನೊಣಕ್ಕೆ ನಮ್ಮ ಕಡೆ ಊಜಿ ಅಂತಲೇ ಹೇಳುವುದು. "ವಾರ ಮಡಿಕ್ಕೊಂಡವ್ರೆ ಗೋಡೌನ್ನಾಗೆ. ಅಲ್ಲಿ ಯಾವುದೋ ಬಂದು ಮೊಟ್ಟೆ ಇಕ್ಕೈತೆ. ನೀವು ಓದ್ದೋರಲ್ವಾ, ನೋಡಿ ಹೇಳ್ಬುಡಿ."

ನೋಡಿ ಹೇಳುವುದಾಗಿದ್ದರೆ ಏನಿತ್ತು! ರೆಕ್ಕೆ ಬಂದ ನೊಣವಾದರೆ ಬೆನ್ನಿನ ಹಳದಿ ಪಟ್ಟೆ, ರೆಕ್ಕೆಯಂಚಿನ ಕಪ್ಪು, ಹೊಟ್ಟೆಯ ಮೇಲಿನ ಗುರುತು ನೋಡಿ ಇಂಥ ಜಾತಿ ಅನ್ನಬಹುದು. ಹುಳಕ್ಕೆ ಏನಿದೆ? ಬೆಂದ ಅನ್ನದ ಅಗುಳು. ಮೂತಿ ಯಾವುದು, ಬಾಲ ಯಾವುದು ಅಂತ ಹೇಳುವುದಕ್ಕೇ ಭೂತಗನ್ನಡಿ ಬೇಕು. ಜಾತಿ ತಿಳಿಯಬೇಕಾದರೆ ಅದರ ವಂಶವಾಹಿಯನ್ನೇ ಬಿಡಿಸಿ ನೋಡಬೇಕು. ವ್ಯಾಪಾರಿ ಪುಣ್ಯಾತ್ಮ ಹುಳ ಎಸೆಯದೆ ಸ್ಪಿರಿಟ್ಟಿನಲ್ಲಿಟ್ಟು, ಅಲ್ಲಿನ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೊಟ್ಟಿದ್ದರು. ಪ್ರಯೋಗಾಲಯದವರು, "ನಿಮ್ಮ ತೋಟದ ನೊಣಗಳೂ ಬೇಕು, ಪಕ್ಕದಲ್ಲಿಟ್ಟು ನೋಡಬೇಕು. ತರುವವರು ಯಾರಾದರೂ ಮೇಷ್ಟ್ರಿದ್ದರೆ ಒಂದು ವಾರ ಇಲ್ಲೇ ಕಲಿತು ಹೋಗಲಿ" ಅಂತ ಬರೆದರು. ಹುಳ ಅವರ ದೇಶದ್ದಾದರೆ ಬರುವ ವರ್ಷ ಸಂಘದ ಹಣ್ಣು ತಗೊಳ್ಳುತ್ತೇನೆ, ನಮ್ಮದಾದರೆ ಈ ಮಾತು ಇಲ್ಲಿಗೇ ಬಿಡೋಣ ಅಂತ ವ್ಯಾಪಾರಿಯೂ ಹೇಳಿದರು. ನಾನು ಭಾವನ ತೋಟದ ಸೇಂದೂರದ ಮರದಲ್ಲಿ ನೊಣ ಸೆಳೆಯುವ ವಾಸನೆಯ ಬಾಟಲಿ ಕಟ್ಟಿದೆ. ಎರಡೇ ದಿನಕ್ಕೆ ನೊಣ ತುಂಬಿತು.

"ಹುಳ ಇಲ್ಲ ಅಂದಿದ್ದಿರಿ ಭಾವ?"

"ಅವು ನಮ್ಮವಲ್ಲ ಮೇಷ್ಟ್ರೇ. ನಿಮ್ ಬಾಟ್ಲಿ ವಾಸ್ನೆಗೆ ಕೃಷ್ಣಪ್ಪನ ತೋಟದಿಂದ ಎದ್ದು ಬಂದವೆ."

ಆ ವಾಸನೆಗೆ ನೊಣ ದೂರದಿಂದಲೂ ಬರುವುದು ನಿಜ. ಬಾಟಲಿ ಬಿಚ್ಚಿ ನೊಣಗಳನ್ನು ಸ್ಪಿರಿಟ್ಟಿನ ಸೀಸೆಗೆ ಸುರಿದೆ. "ನನ್ ಮರದ್ ವ್ಯಾಜ್ಯ, ನಾನೂ ಬತ್ತೀನಿ" ಅಂತ ಭಾವ ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಹೋದರು.

ಆಕಾಶ

ಹೊಸೂರಿನಂಚಿನ ಮೂಕಂಡಪಲ್ಲಿಯಲ್ಲಿ ಬಸ್ಸು ಹತ್ತಿ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದರೊಳಗೆ ಅನುಮತಿ ಪತ್ರ ಇದೆಯೋ ಇಲ್ಲವೋ ಅಂತ ನಾನು ಎಷ್ಟು ಸಲ ಜೇಬು ಮುಟ್ಟಿ ನೋಡಿಕೊಂಡೆನೆಂದರೆ, ಪಕ್ಕದಲ್ಲಿದ್ದ ಫ್ಯಾಕ್ಟರಿ ಹುಡುಗಿ ನನಗೆ ಎದೆನೋವು ಅಂತ ತಿಳಿದು ಕಿಟಕಿ ಸೀಟು ಬಿಟ್ಟುಕೊಟ್ಟಳು.

ವಿಮಾನದಲ್ಲಿ ಭಾವ ಒಂದಿಷ್ಟೂ ಹೆದರಲಿಲ್ಲ. ಗಗನಸಖಿ ಮಾವಿನ ರಸ ಕೊಟ್ಟಳು. ಒಂದು ಗುಟುಕು ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, "ತೋತಾಪುರಿ" ಅಂದರು. ಇನ್ನೊಂದು ಗುಟುಕು. "ನಮ್ ಕಡೇದೇ. ಸಕ್ರೆ ಒಸಿ ಜಾಸ್ತಿ ಹಾಕವ್ರೆ." ನೆಲದಿಂದ ಮೈಲಿಗಟ್ಟಲೆ ಮೇಲೆ, ಯಾರದೋ ದೇಶದ ವಿಮಾನದಲ್ಲಿ, ಈ ಮನುಷ್ಯನಿಗೆ ಊರಿನ ರಸ ಸಿಕ್ಕಿತ್ತು. ನಾನು ರೆಕ್ಕೆಯಲ್ಲಿ ಒಂದು ಸ್ಕ್ರೂ ಸಡಿಲವಾಗಿದೆಯೇ ಅಂತ ನೋಡುತ್ತಿದ್ದೆ.

ಪೆನಾಂಗಿನ ಸುಂಕದ ಕಟ್ಟೆಯಲ್ಲಿ ನಾನು ಹೆದರಿದ್ದೇ ಆಯಿತು. ಅಧಿಕಾರಿ ಸೀಸೆ ಎತ್ತಿ ಬೆಳಕಿಗೆ ಹಿಡಿದ. "ಇದೇನು?" "ನೊಣ. ಹಣ್ಣುನೊಣ." ಪತ್ರ ಓದಿದ. ಮತ್ತೆ ಓದಿದ. ಆಮೇಲೆ ಮುಂದಕ್ಕೆ ಬಾಗಿ, ಗುಟ್ಟು ಕೇಳುವವನ ಹಾಗೆ, "ನಮ್ಮಮ್ಮನ ಸೀಬೆ ಮರದಲ್ಲಿ ಬರೀ ಹುಳ ಸಾರ್. ಏನು ಮಾಡಬೇಕು?" ಅಂದ. ಉದುರಿದ ಹಣ್ಣನ್ನೆಲ್ಲ ದಿನಾ ಆರಿಸಿ ಆಳವಾಗಿ ಹೂಳಬೇಕು ಅಂತ ಹೇಳಿದೆ. ಎಷ್ಟು ಆಳ, ಸುಣ್ಣ ಹಾಕಬೇಕೆ, ಕೋಳಿ ಬಿಟ್ಟರೆ ಆಗುತ್ತದೆಯೇ ಅಂತ ಅವನ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದವರು ನಮ್ಮನ್ನು ಕಳ್ಳಸಾಗಣೆಯವರು ಅಂತಲೇ ತೀರ್ಮಾನಿಸಿದ್ದರು.

ಸೆಲ್ವಂ ಅವರ ಗೋಡೌನು

ವ್ಯಾಪಾರಿಯ ಹೆಸರು ಸೆಲ್ವಂ. ತಾತನ ಕಾಲಕ್ಕೆ ತಮಿಳುನಾಡಿನಿಂದ ಹೋದ ಮನೆತನ. ಊರಲ್ಲಿ ತಮಿಳು ಬೋರ್ಡು ಕಂಡರೆ ಗೊಣಗುವ ಭಾವ, ಪೆನಾಂಗಿನಲ್ಲಿ ಆ ಭಾಷೆ ಕಿವಿಗೆ ಬಿದ್ದದ್ದೇ ತವರಿನವರು ಸಿಕ್ಕ ಹಾಗೆ ಅರಳಿದರು. ಅರಳಿದ್ದು ಒಂದೇ ನಿಮಿಷ.

"ವಾಂಗ ಲಾ! ಉಕ್ಕಾರುಂಗ ಲಾ!" ಅಂತ ಸೆಲ್ವಂ ಕುರ್ಚಿ ತೋರಿಸಿದರು.

ಭಾವ ಕೂರಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೇಳುಸ್ಕೊಂಡ್ರಾ? ನನ್ನ ಲಾ ಅಂತವ್ನೆ. ಇವನಿಗಿಂತ ಹತ್ತು ವರ್ಷ ದೊಡ್ಡೋನು ನಾನು. ಹುಳ ಸಿಕ್ಕೈತೆ ಅಂತ ಇಷ್ಟು ಸದರಾನಾ?" ಅಂದರು.

ನಮ್ಮಲ್ಲಿ ಲಾ ಅನ್ನುವುದು ತಮ್ಮನಿಗೆ, ಗೆಳೆಯನಿಗೆ, ಎಮ್ಮೆಗೆ. ನಾನು ಹೆದರಿದ್ದ ಜಗಳ ಇದೇ ಅಂತ ಭಾವನ ತೋಳು ಹಿಡಿದುಕೊಂಡೆ. ಅಷ್ಟರಲ್ಲಿ ಸೆಲ್ವಂ ಅವರ ಮುದಿ ತಾಯಿ ಒಳಗಿಂದ ಬಂದರು. ಅವರಿಗೂ ಸೆಲ್ವಂ, "ಟೀ ಕೊಡುಂಗಮ್ಮಾ ಲಾ" ಅಂದರು. ಲಾರಿ ಡ್ರೈವರಿಗೆ ಲಾ, ಫೋನಿನಲ್ಲಿದ್ದ ಬ್ಯಾಂಕಿನವರಿಗೆ ಲಾ. ಆ ದ್ವೀಪದಲ್ಲಿ ಮಲಯರು, ಚೀನೀಯರು, ತಮಿಳರು ಎಲ್ಲರೂ ಎಲ್ಲ ಭಾಷೆಗೂ ಅದನ್ನು ಉಪ್ಪಿನ ಹಾಗೆ ಉದುರಿಸುತ್ತಾರೆ. ಭಾವ ಸ್ವಲ್ಪ ಹೊತ್ತು ಎಣಿಸಿ ನೋಡಿ ಕೂತರು. ಸಂಜೆಯ ಹೊತ್ತಿಗೆ ಅವರೇ ಸೆಲ್ವಂಗೆ ಲಾ ಹಚ್ಚುತ್ತಿದ್ದರು, ಅದರಲ್ಲಿ ಒಂದಿಷ್ಟು ಊರಿನ ಅರ್ಥವೂ ಬೆರೆತಿತ್ತು ಅಂತ ನನ್ನ ಗುಮಾನಿ.

ಗೋಡೌನಿಗೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಗಾಳಿ. ನಮ್ಮ ಹಣ್ಣು ವಾರವಿಡೀ ಇದ್ದ ಜಾಗದ ಪಕ್ಕದಲ್ಲೇ ಬುಟ್ಟಿಗಟ್ಟಲೆ ನಕ್ಷತ್ರದ ಹಣ್ಣು, ನಮ್ಮ ಕಡೆ ಕಮರಾಕ್ಷಿ ಅನ್ನುತ್ತಾರಲ್ಲ ಅದು. ಭಾವ ನನ್ನ ಪಕ್ಕೆಗೆ ತಿವಿದರು. ಸೆಲ್ವಂ ಅದನ್ನು ನೋಡಿ, "ಇದರಲ್ಲಿ ಹುಳ ಇರೋದಿಲ್ಲ ಅಣ್ಣಾ. ನಮ್ಮ ಹಣ್ಣೆಲ್ಲ ಮರದಲ್ಲೇ ಕಾಗದದ ಚೀಲ ಹಾಕಿ ಬೆಳೆದದ್ದು" ಅಂದರು. ಅವರಿಗೂ ಅವರ ಹಣ್ಣಿನ ಮೇಲೆ ಭಾವನಷ್ಟೇ ನಂಬಿಕೆ.

ಪ್ರಯೋಗಾಲಯ

ಪ್ರಯೋಗಾಲಯದ ಯಜಮಾನಿ ಆಯಿಷಾ ಅನ್ನುವ ಮಲಯ ಹೆಂಗಸು, ನನ್ನದೇ ವಯಸ್ಸು. ನೋಡಿದ ಕೂಡಲೇ ಕೇಳಿದ್ದು "ಊಟ ಆಯ್ತಾ?" ಅಂತ. ಇಂಗ್ಲಿಷಿನಲ್ಲಿ ಕೇಳಿದರೂ ಅದು ನಮ್ಮೂರಿನ ಪ್ರಶ್ನೆಯೇ. ಆಗಿಲ್ಲ ಅಂದರೆ ನೊಣ ಮುಟ್ಟಲು ಬಿಡುತ್ತಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ಜೀವಿ ಅಂದರೆ ಫಾರ್ಮಲಿನ್ ಜಾಡಿಯಲ್ಲಿ ಬೆಳ್ಳಗಾಗಿ ತೇಲುವ ವಸ್ತು. ಆಯಿಷಾ ಕೆಲಸ ಮಾಡುವ ರೀತಿ ಬೇರೆ. ಒಂದು ನೊಣದಿಂದ ಒಂದೇ ಕಾಲು ತೆಗೆಯುತ್ತಾರೆ, ಯಾವಾಗಲೂ ಎಡಗಡೆಯ ನಡುವಿನ ಕಾಲು. ವಂಶವಾಹಿಗೆ ಅಷ್ಟು ಸಾಕು. ಮಿಕ್ಕ ಮೈಯನ್ನು ಜೋಪಾನವಾಗಿ ಇಡುತ್ತಾರೆ. ನಾಳೆ ಯಾರಾದರೂ "ನೀವು ಹೇಳಿದ ಜಾತಿ ಇದಲ್ಲ" ಅಂದರೆ ತೋರಿಸಲು ಮೈ ಇರಬೇಕು. ಕಾಲು ಕಿತ್ತ ಮೇಲೆ ಚಿಮಟ ಒರೆಸಿ, ಬೆಂಕಿಗೆ ಹಿಡಿದು, ಆಮೇಲೆಯೇ ಮುಂದಿನ ನೊಣ. ಒಂದರ ಅಂಶ ಇನ್ನೊಂದಕ್ಕೆ ತಗುಲಿದರೆ ಎಲ್ಲಾ ಸುಳ್ಳಾಗುತ್ತದೆ. ಇದೆಲ್ಲ ನಿಧಾನ, ಆದರೆ ಆಕೆಯ ಕೈಯಲ್ಲಿ ಅವಸರವೂ ಇರಲಿಲ್ಲ, ಬೇಸರವೂ ಇರಲಿಲ್ಲ. ನಾನು ಚಪಾತಿ ಲಟ್ಟಿಸುವವರನ್ನು ನೋಡುವ ಹಾಗೆ ನೋಡುತ್ತಾ ನಿಂತುಬಿಟ್ಟೆ.

ನನಗೂ ಪರೀಕ್ಷೆ ಇಟ್ಟರು. ಸೂಕ್ಷ್ಮದರ್ಶಕದ ಕೆಳಗೆ ಕೆಲವು ನೊಣ ಇಟ್ಟು, ಬರೀ ಕಣ್ಣಿನಿಂದ ಜಾತಿ ಹೇಳಿ ಅಂದರು. ಮಾವಿನ ಮಾಮೂಲಿ ನೊಣ ಹೇಳಿದೆ. ರೆಕ್ಕೆಯ ತುದಿಯಲ್ಲಿ ಒಂದೇ ಚುಕ್ಕಿ ಇರುವ ಕೆಂಚು ನೊಣ ಹೇಳಿದೆ. ಮುಂದಿನದಕ್ಕೆ ಧೈರ್ಯವಾಗಿ, "ಇದು ನಮ್ಮ ಕೃಷ್ಣಗಿರಿಯದೇ" ಅಂದೆ. ಆಯಿಷಾ ಬೆಳಕು ಸರಿಪಡಿಸಿ ಮುಂಗಾಲು ತೋರಿಸಿದರು. ತೊಡೆಯ ತುದಿಯಲ್ಲಿ ಒಂದು ಕಪ್ಪು ಕಲೆ, ರೆಕ್ಕೆಯಂಚಿನ ಪಟ್ಟಿ ನಮ್ಮದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಅಗಲ. ಅದು ಅವರ ಕಮರಾಕ್ಷಿ ನೊಣ, ನಮ್ಮ ಜಿಲ್ಲೆಯಲ್ಲಿ ಇಲ್ಲ. ನಮ್ಮದಕ್ಕೂ ಇದಕ್ಕೂ ವ್ಯತ್ಯಾಸ ಅಷ್ಟೇ.

"ನಿಮ್ಮ ಕಣ್ಣು ಆಗಲೇ ಮನೆಗೆ ಹೊರಟಿದೆ" ಅಂತ ನಕ್ಕರು. ಅವಮಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ ಮೇಲೆ ಒಬ್ಬರಿಂದ ಹೇಳಿಸಿಕೊಳ್ಳುವುದು ಹಿತವಾಗಿತ್ತು.

ಚೀಲದ ತೋಟ

ಪ್ರಯೋಗಾಲಯದಲ್ಲಿ ಕಾಲು, ಹುಳದ ಚೂರು ಎಲ್ಲ ಅರೆದು ಪುಟ್ಟ ನಳಿಕೆಗಳಿಗೆ ಸೇರಿದ ಮೇಲೆ ಕಾಯುವುದೇ ಕೆಲಸ. ಭಾವನಿಗೆ ಕಾಯುವುದು ಬರುವುದಿಲ್ಲ. ಸೆಲ್ವಂ ನಮ್ಮನ್ನು ಅವರ ಕಮರಾಕ್ಷಿ ತೋಟಕ್ಕೆ ಕರೆದೊಯ್ದರು.

ಮೊದಲ ನೋಟಕ್ಕೆ ಮರಗಳ ತುಂಬ ಪೊಟ್ಟಣ ಬಿಟ್ಟ ಹಾಗಿತ್ತು. ಒಂದೊಂದು ಹಣ್ಣಿಗೂ ಹಳೇ ಪೇಪರಿನ ಚೀಲ. ಮರಗಳು ಆಳೆತ್ತರ ಮೀರದಂತೆ ಕೊಂಬೆ ಬಗ್ಗಿಸಿ ಕಟ್ಟಿದ್ದಾರೆ. ಹೂಹಕ್ಕಿಯಂಥ ಒಬ್ಬ ಹೆಂಗಸು ಮಿಡಿಗೆ ಚೀಲ ತೊಡಿಸಿ, ಬಾಯಿ ಮಡಿಸಿ, ಒಂದು ತಿರುವು ಕೊಟ್ಟು ಮುಂದೆ ಹೋಗುತ್ತಿದ್ದಳು. ಮಗುವಿಗೆ ಕುಲಾವಿ ಕಟ್ಟಿದಷ್ಟೇ ಹೊತ್ತು. ಭಾವ ತಾವೂ ಒಂದು ಚೀಲ ಇಸಿದುಕೊಂಡರು. ತೊಡಿಸಿದರು, ಮಡಿಸಿದರು, ತಿರುವಿದರು. ಮಿಡಿ ಚೀಲದ ಸಮೇತ ಕೈಗೆ ಬಂತು. ಹೆಂಗಸು ಅದನ್ನು ಮೆಲ್ಲನೆ ತೆಗೆದುಕೊಂಡು ಬುಟ್ಟಿಗೆ ಹಾಕಿ, ಮುಂದಿನ ಮಿಡಿಗೆ ಕೈಹಾಕಿದಳು.

"ನಮ್ ಮರಕ್ಕೆ ಇಂಗೆ ಚಡ್ಡಿ ತೊಡ್ಸಬೇಕಂದ್ರೆ ಏಣಿ ಮ್ಯಾಲೆ ಏಣಿ ಬೇಕು" ಅಂದರು ಭಾವ. ಆದರೆ ಕಣ್ಣು ಆ ಹೆಂಗಸಿನ ಕೈ ಬಿಟ್ಟು ಅಲ್ಲಾಡಲಿಲ್ಲ.

ಅಂಚಿನ ಮರದಲ್ಲಿ ಹೇಗೋ ಚೀಲ ಹರಿದು ಬರಿದಾದ ಒಂದು ಹಣ್ಣಿತ್ತು. ಅದರ ಮೇಲೆ ಒಂದು ನೊಣ ಬಾಲ ಚುಚ್ಚಿ ನಿಂತಿತ್ತು. ಭಾವನಿಗೆ ನನ್ನ ಭೂತಗನ್ನಡಿ ಕೊಟ್ಟೆ. ಇಡೀ ಜೀವಮಾನ ಊಜಿಗೆ ಬೈದವರು, ಅದರ ಮುಖ ನೋಡಿದ್ದು ಅದೇ ಮೊದಲು.

"ಅಯ್ಯೋ ಇವಳಾ! ಚಿನ್ನದ ಡಾಬು ಕಟ್ಕೊಂಡಂಗವಳೆ ಮೇಷ್ಟ್ರೇ," ಅಂದರು. ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಸೆಲ್ವಂಗೆ ಕೇಳಿಸದ ಹಾಗೆ, "ಆ ಎರಡು ನಮ್ಮವೇ ಆದ್ರೆ ಸಂಘದೋರ್ಗೆ ಯಾವ್ ಮುಖ ತೋರ್ಸಾನ?" ಅಂತ ಕೇಳಿದರು. ಅವರ ಬಾಯಲ್ಲಿ ಅಂಥ ಮಾತು ನಾನು ಎಂದೂ ಕೇಳಿರಲಿಲ್ಲ. ಸಮಾಧಾನ ಹೇಳಲು ಬಾಯಿ ತೆರೆದೆ. ಚಿಂತೆ ಮಾಡುವುದರಲ್ಲಿ ಪಳಗಿದವನಿಗೆ ಸಮಾಧಾನ ಹೇಳುವುದು ಬರುವುದಿಲ್ಲ. "ನೋಡೋಣ ಭಾವ" ಅಂದೆ.

ಗೆರೆಗಳ ದಿನ

ಆ ದಿನ ಪ್ರಯೋಗಾಲಯದಲ್ಲಿ ಭಾವ, ಸೆಲ್ವಂ, ನಾನು ಮೂವರೂ ಕೈಗವಸು ಹಾಕಿಕೊಂಡು ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಂತಿದ್ದೆವು. ಜೆಲ್ಲಿಯಂಥ ತೆಳು ಹಲಗೆಯಲ್ಲಿ ಸಾಲಾಗಿ ಗುಳಿಗಳು. ಒಂದು ತುದಿಯಲ್ಲಿ ನಮ್ಮ ತೋಟದ ನೊಣ, ಇನ್ನೊಂದು ತುದಿಯಲ್ಲಿ ಅವರ ಕಮರಾಕ್ಷಿ ನೊಣ, ನಡುವೆ ಆ ಎರಡು ಹುಳ. ವಿದ್ಯುತ್ತು ಹರಿಸಿದರೆ ಒಂದೊಂದರ ವಂಶವಾಹಿಯ ತುಂಡುಗಳು ತಮ್ಮ ತಮ್ಮ ಅಳತೆಯಂತೆ ಓಡಿ, ಗೆರೆಯಾಗಿ ನಿಲ್ಲುತ್ತವೆ.

ಆಯಿಷಾ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಗೆರೆಗಳನ್ನು ತಾವು ಓದುವುದಿಲ್ಲ. ಪಕ್ಕದ ವಿಭಾಗದ ಒಬ್ಬ ಚೀನೀ ಮೇಷ್ಟ್ರನ್ನು ಕರೆಸುತ್ತಾರೆ. ಯಾವ ಸಾಲು ಯಾರದು, ಏನು ವ್ಯಾಜ್ಯ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ದೀಪ ಆರಿಸಿ ನೇರಳೆ ಬೆಳಕು ಹಾಕಿದಾಗ ಗೆರೆಗಳು ಮಿಣುಕಿದವು. ಆ ಮೇಷ್ಟ್ರು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿ, "ನಡುವಿನ ಎರಡೂ ಬಲತುದಿಯವುಗಳ ಹಾಗೇ ಇವೆ" ಅಂದು, ಗಡಿಯಾರ ನೋಡಿಕೊಂಡು ಊಟಕ್ಕೆ ಹೊರಟುಹೋದರು.

ಬಲತುದಿಯಲ್ಲಿದ್ದದ್ದು ಅವರ ನೊಣ.

ಆಯಿಷಾ ಸೆಲ್ವಂ ಕಡೆ ತಿರುಗಿದರು. ತಮ್ಮ ದೇಶದವರು, ದಿನಾ ಮುಖ ನೋಡುವವರು. ಒಂದು ಕ್ಷಣವೂ ತಡೆಯಲಿಲ್ಲ. "ಇವು ನಮ್ಮವು" ಅಂದರು. ಆಮೇಲೆ ನಮ್ಮ ಕಡೆ ನೋಡಿ, "ಈ ಎರಡರ ಬಗ್ಗೆ ಮಾತ್ರ ಹೇಳಿದ್ದು" ಅಂತ ಸೇರಿಸಿದರು. ಆ ಮಾತನ್ನು ಭಾವನಿಗೆ ತಮಿಳಿನಲ್ಲಿ ದಾಟಿಸುವುದನ್ನು ಸೆಲ್ವಂ ಮರೆತರೋ, ದಾಟಿಸಿದರೂ ಭಾವ ಕೇಳಿಸಿಕೊಳ್ಳಲಿಲ್ಲವೋ.

ಸೆಲ್ವಂ ಕೈಗವಸು ತೆಗೆದು ಭಾವನ ಎರಡೂ ಕೈ ಹಿಡಿದುಕೊಂಡರು. "ತಪ್ಪು ನನ್ನದು ಅಣ್ಣಾ. ಗೋಡೌನಿಗೆ ಈ ತಿಂಗಳೇ ಜಾಲರಿ ಹಾಕಿಸ್ತೀನಿ. ಬರೋ ವರ್ಷ ನಿಮ್ಮ ಸಂಘದ ಸೇಂದೂರ ನನಗೇ."

ಭಾವ ಕುಣಿಯುತ್ತಾರೆ ಅಂದುಕೊಂಡಿದ್ದೆ. "ಇರ್ಲಿ ಬುಡು ಲಾ" ಅಂದರು ಅಷ್ಟೆ, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯ ಹತ್ತಿರ ಹೋದೆ. ನನ್ನ ಕಣ್ಣ ಮುಂದೆ ಒಬ್ಬರು ತಮ್ಮ ಕಡೆಗೆ ವಿರುದ್ಧವಾದ ನಿಜವನ್ನು ಇಷ್ಟು ಸಲೀಸಾಗಿ ಹೇಳಿದ್ದರು. ಅದರ ಮುಂದೆ ಆ ದೇಶದ ಎತ್ತರದ ಕಟ್ಟಡ, ಗುಂಡಿಯಿಲ್ಲದ ರಸ್ತೆ ಯಾವುದೂ ನನಗೆ ದೊಡ್ಡದಾಗಿ ಕಾಣಲಿಲ್ಲ.

ಭಾವನ ಜಗಲಿ

ನಾವು ತಿರುಗಿ ಬರುವ ಹೊತ್ತಿಗೆ ಸೇಂದೂರ ಮುಗಿದು, ಕೊನೆಯ ನೀಲಂ ಹಣ್ಣಾಗುತ್ತಿತ್ತು. ಭಾವನ ಜಗಲಿಯಲ್ಲಿ ಸಂಘದವರೆಲ್ಲ ಸೇರಿದರು. ಕೃಷ್ಣಪ್ಪನೂ ಬಂದ, ಬಾಗಿಲ ಹತ್ತಿರ ಕೂತ. ನಾನು ಗೆರೆಗಳ ಕಥೆ ಹೇಳಿದೆ. ಅರ್ಥವಾಯಿತೋ ಇಲ್ಲವೋ, "ಅವ್ರ ಹುಳ ಅಂತ ಅವ್ರೇ ಒಪ್ಕೊಂಡವ್ರೆ" ಅನ್ನುವ ಮಾತಿಗೆ ಮಾತ್ರ ಎಲ್ಲರೂ ಗುಟ್ಟಾಗಿ ಕೃಷ್ಣಪ್ಪನ ಮುಖ ನೋಡಿದರು.

"ನಾನು ಅವತ್ತು ತಮಾಷೆಗೆ ಅಂದಿದ್ದು ತಿಮ್ಮರಾಯಣ್ಣ," ಅಂದ ಕೃಷ್ಣಪ್ಪ.

"ನಾನೂ ತಮಾಷೆಗೇ ಮಲೇಶಿಯಾಕ್ಕೆ ಹೋಗ್ಬುಟ್ಟು ಬಂದೆ ಕಣ್ಲಾ," ಅಂದರು ಭಾವ. ಜಗಲಿಯೇ ನಕ್ಕಿತು. ನಗು ಮುಗಿಯುತ್ತಿದ್ದಂತೆ ಭಾವ ಗಂಟಲು ಸರಿಮಾಡಿಕೊಂಡು, "ಈಗ್ಲೂ ಹೇಳ್ತೀನಿ, ನನ್ ತೋಟದಲ್ಲಿ ಹುಳ ಅನ್ನೋದೇ..." ಅಂತ ಶುರು ಮಾಡಿದರು.

ಅಷ್ಟರಲ್ಲಿ ಅವರ ಹೆಂಡತಿ ನಾರಾಯಣಮ್ಮ ಹೆಚ್ಚಿದ ನೀಲಂ ತಟ್ಟೆ ತಂದು ನಡುವೆ ಇಟ್ಟರು. ಮನೆ ಹಿಂದಿನ ಮರದ್ದು, ಬೆಳಿಗ್ಗೆ ಅವರೇ ಕಿತ್ತದ್ದು. ಮೇಲಿನ ಹೋಳಿನ ಅಂಚಿನಲ್ಲಿ ಒಂದು ಅಗುಳು ಅಲ್ಲಾಡಿತು. ಬೆಳೆದ ಹುಳ ತನ್ನ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚಿಮ್ಮುತ್ತದೆ ಅಂತ ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಅದು ಚಿಮ್ಮಿತು. ಕೃಷ್ಣಪ್ಪನ ಪಂಚೆಯ ಮೇಲೆ ಬಿತ್ತು.

ನನ್ನ ಬಾಯಲ್ಲಿ ಆಗಲೇ ಎರಡು ಮೂರು ಸುಳ್ಳು ಸಿದ್ಧವಾಗಿದ್ದವು. ಕೃಷ್ಣಪ್ಪ ಹುಳವನ್ನು ನೋಡಿದ, ಭಾವನನ್ನು ನೋಡಿದ. ಭಾವ ಎದ್ದು ಬಂದು, ಬಗ್ಗಿ, ಅದನ್ನು ಬೆರಳ ತುದಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದರು.

"ಇದು ನಮ್ದು," ಅಂದರು.

ಕೃಷ್ಣಪ್ಪ ಜೇಬಿನಿಂದ ಚಾಕು ತೆಗೆದು, ಆ ಹೋಳಿನ ಕೆಟ್ಟ ಭಾಗವನ್ನಷ್ಟೇ ಕೊಯ್ದು ಅಂಗಳಕ್ಕೆ ಎಸೆದು, ಮಿಕ್ಕದ್ದನ್ನು ಬಾಯಿಗೆ ಹಾಕಿಕೊಂಡ. "ಹಣ್ಣು ಮಾತ್ರ ಸಕ್ಕರೆ ಕಣಣ್ಣ," ಅಂದ. ತಟ್ಟೆ ಮುಂದಕ್ಕೆ ಹೋಯಿತು. ಒಂದು ಹುಳ ಹೋಳಿನಿಂದ ಪಂಚೆಗೆ ಹಾರಿದ್ದು ಬಿಟ್ಟರೆ, ನಮ್ಮ ಪ್ರವಾಸದಲ್ಲಿ ಯಾವ ಎಡವಟ್ಟೂ ಆಗಲಿಲ್ಲ.